ಕಾರ್ಟೂನಿನ ಮಗುವಿಗೆ ಯಾರ ಮುಖ?



ಈ ಸಲ ಬರೀತಿರೋದು ಕಾರ್ಟೂನ್ ಬಗ್ಗೆ. "ಅಕ್ಕ, ಎಸ್‌ಸಿಎಸ್‌ಪಿ ದುಡ್ಡು ಎಲ್ಲೆಲ್ಲಿಗೋ ಹೋಗ್ತಿದೆ, ಸ್ಮಶಾನಕ್ಕೆ ಜಾಗ ಕೊಡಿ ಅನ್ನೋ ಅರ್ಜಿಗಳು ಹಾಗೇ ಬಿದ್ದಿವೆ, ನಿಮಗೆ ಕಾರ್ಟೂನ್ ಚಿಂತೆನಾ?" ಅಂತ ಕೇಳೋರು ಕೇಳ್ತೀರಿ. ಆ ಕೆಲಸ ಬಿಟ್ಟು ಇದನ್ನ ಬರೀತಿಲ್ಲ. ಆದರೆ ನಮ್ಮ ಮಕ್ಕಳು ಸಂವಿಧಾನದ ಪೀಠಿಕೆ ಓದೋಕೆ ಎಷ್ಟೋ ವರ್ಷ ಮುಂಚೆ ಟಿವಿ ಮುಂದೆ ಕೂತಿರ್ತಾರೆ. ಹೀರೋ ಹೇಗಿರ್ತಾನೆ, ಕೆಟ್ಟವನು ಹೇಗಿರ್ತಾನೆ, ಹಿಂದೆ ಸುಮ್ಮನೆ ನಿಂತ್ಕೊಳ್ಳೋ ಜನ ಯಾರು ಅನ್ನೋ ಪಾಠ ಅವರಿಗೆ ಅಲ್ಲೇ ಆಗೋದು. ಮೇಷ್ಟ್ರು ಇಲ್ಲ, ಪರೀಕ್ಷೆ ಇಲ್ಲ. ಅದಕ್ಕೇ ಆ ಪಾಠ ಮರೆಯೋದೂ ಇಲ್ಲ.

ಹತ್ತಿಪ್ಪತ್ತು ವರ್ಷದಿಂದ ಒಂದು ವ್ಯಾಪಾರ ಜೋರಾಗಿದೆ. ಮಕ್ಕಳು ಟಿವಿಯಲ್ಲಿ ನೋಡಿ ಪ್ರೀತಿಸಿದ ಕಾರ್ಟೂನ್ ಸರಣಿಯನ್ನ ತಗೊಂಡು, ನಿಜವಾದ ನಟನಟಿಯರನ್ನ ಹಾಕಿ ಸಿನಿಮಾ ಮಾಡೋದು. ಲೈವ್ ಆಕ್ಷನ್ ಅಂತಾರೆ. ಇಂಥ ಸಿನಿಮಾ ಬಂದಾಗ ವಿಮರ್ಶಕರು ಗ್ರಾಫಿಕ್ಸ್ ಹೇಗಿದೆ, ಮೂಲದ ಥರ ಇದೆಯಾ ಅಂತ ಬರೀತಾರೆ. ನಾನು ನೋಡೋದು ಬೇರೆ. ಗೆರೆಯಲ್ಲಿದ್ದ ಮಗುವಿಗೆ ಮೈ ಕೊಡಬೇಕು ಅಂದ್ರೆ ಯಾರೋ ಒಬ್ಬರು ಕುರ್ಚಿ ಮೇಲೆ ಕೂತು ಆರಿಸಬೇಕು. ನೂರಾರು ಮಕ್ಕಳ ಫೋಟೋ ಮುಂದಿಟ್ಟುಕೊಂಡು ಈ ಮಗು ಆಗುತ್ತೆ, ಈ ಮಗು ಆಗಲ್ಲ ಅನ್ನಬೇಕು. ಚಿತ್ರ ಬರೆಯುವಾಗ ಮುಚ್ಚಿಡಬಹುದಾದ ಮನಸ್ಸು ಆಗ ಬಯಲಾಗುತ್ತೆ.

ಇದಕ್ಕೆ ದೊಡ್ಡ ಉದಾಹರಣೆ 'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್'. ನೀಲಿ ಮನುಷ್ಯರ ಅವತಾರ್ ಅಲ್ಲ, ಅದು ಬೇರೆ. ಇದು ಅಮೆರಿಕದ ನಿಕಲೋಡಿಯನ್ ಚಾನೆಲ್‌ನಲ್ಲಿ 2005ರಿಂದ 2008ರವರೆಗೆ ಬಂದ ಮಕ್ಕಳ ಸರಣಿ, ಒಟ್ಟು 61 ಕಂತು. ನೋಡದವರಿಗಾಗಿ ಕಥೆ ಹೇಳಿಬಿಡ್ತೀನಿ. ನೀರು, ಮಣ್ಣು, ಬೆಂಕಿ, ಗಾಳಿ ಅಂತ ನಾಲ್ಕು ಜನಾಂಗ. ಬೆಂಕಿ ರಾಷ್ಟ್ರದವರು ನೂರು ವರ್ಷದಿಂದ ಬೇರೆಯವರ ನೆಲದ ಮೇಲೆ ಯುದ್ಧ ಮಾಡ್ತಿದ್ದಾರೆ. ಗಾಳಿಯ ಜನರನ್ನ ಒಬ್ಬರೂ ಉಳಿಯದ ಹಾಗೆ ಕೊಂದಿದ್ದಾರೆ. ಆಂಗ್ ಅನ್ನೋ 12 ವರ್ಷದ ಹುಡುಗ ಮಾತ್ರ ಮಂಜುಗಡ್ಡೆಯೊಳಗೆ ಸಿಕ್ಕಿಕೊಂಡು ಬದುಕಿದ್ದಾನೆ. ಅವನನ್ನ ಹೊರಗೆ ತೆಗೆಯೋರು ದಕ್ಷಿಣ ಧ್ರುವದ ನೀರಿನ ಬುಡಕಟ್ಟಿನ ಅಣ್ಣ ತಂಗಿ, ಸೊಕ್ಕ ಮತ್ತು ಕಟಾರ.

ಸಾಮ್ರಾಜ್ಯ ಅಂದ್ರೇನು, ನರಮೇಧ ಅಂದ್ರೇನು, ತನ್ನ ಜನರೆಲ್ಲ ಸತ್ತ ಮೇಲೂ ದ್ವೇಷಕ್ಕೆ ಬಲಿಯಾಗದೆ ಬದುಕೋದು ಅಂದ್ರೇನು, ಇದನ್ನೆಲ್ಲ ಎಂಟು ಹತ್ತು ವರ್ಷದ ಮಕ್ಕಳಿಗೆ ಅರ್ಥ ಆಗೋ ಹಾಗೆ ಹೇಳಿದ ಸರಣಿ ಅದು. ನೀರಿನ ಬುಡಕಟ್ಟನ್ನ ರೂಪಿಸಿದ್ದು ಇನ್ಯೂಟ್ ಜನರ ಬದುಕನ್ನ ನೋಡಿ. ಹಾಗಾಗಿ ಕಟಾರ, ಸೊಕ್ಕ ಇಬ್ಬರದೂ ಕಂದು ಮೈಬಣ್ಣ. ಗಾಳಿಯ ಜನ ಟಿಬೆಟ್ಟಿನ ಬೌದ್ಧ ಭಿಕ್ಷುಗಳ ಹಾಗೆ. ಹೊಡೆದಾಟದ ಒಂದೊಂದು ಪಟ್ಟೂ ಚೀನಾದ ಒಂದೊಂದು ಸಮರಕಲೆಯಿಂದ ಬಂದದ್ದು. ಇಡೀ ಕಥೆಯಲ್ಲಿ ಯುರೋಪಿನ ಗಾಳಿಯೇ ಇರಲಿಲ್ಲ.

2008ರ ಡಿಸೆಂಬರ್‌ನಲ್ಲಿ ಇದರ ಸಿನಿಮಾಕ್ಕೆ ನಟರನ್ನ ಘೋಷಿಸಿದರು. ನಾಲ್ಕು ಮುಖ್ಯ ಪಾತ್ರ, ನಾಲ್ಕಕ್ಕೂ ಬಿಳಿಯರು. ಆಂಗ್ ಬಿಳಿಯ, ಕಟಾರ ಬಿಳಿಯಳು, ಸೊಕ್ಕ ಬಿಳಿಯ, ಬೆಂಕಿ ರಾಷ್ಟ್ರದ ರಾಜಕುಮಾರ ಜುಕೋ ಕೂಡ ಬಿಳಿಯ. ಸರಣಿ ನೋಡಿ ಬೆಳೆದ ಹುಡುಗ ಹುಡುಗಿಯರು ಎದ್ದು ನಿಂತರು. ಪತ್ರ ಬರೆದರು, ಸಹಿ ಸಂಗ್ರಹ ಮಾಡಿದರು, 'ರೇಸ್‌ಬೆಂಡಿಂಗ್' ಅಂತ ಹೆಸರಿಟ್ಟುಕೊಂಡು ಸಂಘಟನೆ ಕಟ್ಟಿದರು. ಮುಂದೆ ಜುಕೋ ಆಗಬೇಕಿದ್ದ ನಟ ತನ್ನ ಬೇರೆ ಕಾರ್ಯಕ್ರಮಗಳ ಕಾರಣಕ್ಕೆ ಬಿಟ್ಟುಹೋದ. ಆ ಜಾಗಕ್ಕೆ ಬಂದವನು ಸ್ಲಮ್‌ಡಾಗ್ ಮಿಲಿಯನೇರ್‌ನ ದೇವ್ ಪಟೇಲ್. ಆಮೇಲೆ ಬೆಂಕಿ ರಾಷ್ಟ್ರದ ತುಂಬ ನಮ್ಮ ಕಡೆಯ ಮುಖಗಳು ಕಾಣಿಸ್ಕೊಂಡವು. ಮುಂಬೈಯಲ್ಲಿ ಹುಟ್ಟಿದ ಆಸಿಫ್ ಮಾಂಡ್ವಿ ಸೇನಾಪತಿ, ಇರಾನಿ ಮೂಲದ ಶಾನ್ ಟೋಬ್ ದೊಡ್ಡಪ್ಪ, ನ್ಯೂಜಿಲೆಂಡಿನ ಮಾವೋರಿ ನಟ ಕ್ಲಿಫ್ ಕರ್ಟಿಸ್ ರಾಜ.

ಈಗ ಲೆಕ್ಕ ಹಾಕಿ. ಲೋಕ ಉಳಿಸೋ ಮೂವರು ಮಕ್ಕಳು ಬಿಳಿಯರು. ಊರು ಸುಡೋರು, ನರಮೇಧ ಮಾಡಿದೋರು ಕಂದು ಬಣ್ಣದವರು. ಸಾಮ್ರಾಜ್ಯಶಾಹಿಯ ವಿರುದ್ಧ ಬರೆದ ಕಥೆಯನ್ನ ತಗೊಂಡು, ಸಾಮ್ರಾಜ್ಯಕ್ಕೆ ಸಿಕ್ಕಿ ನಲುಗಿದವರ ಮುಖವನ್ನೇ ಸಾಮ್ರಾಜ್ಯಕ್ಕೆ ಅಂಟಿಸಿದರು. ಇನ್ನೊಂದು ವಿಷಯ ನೋಡಿ. ಗ್ರೀನ್‌ಲ್ಯಾಂಡಿಗೆ ಹೋಗಿ ಚಿತ್ರೀಕರಣ ಮಾಡಿದರು. ಕಟಾರನ ಊರಿನ ದೃಶ್ಯದಲ್ಲಿ ಹಿಂದೆ ನಿಂತ ಜನ ಆ ಹಿಮನಾಡಿನ ಜನರ ಹಾಗೇ ಇದ್ದಾರೆ. ಆದರೆ ಮುಂದೆ ಬಂದು ಮಾತಾಡೋ ಕಟಾರ, ಸೊಕ್ಕ, ಅವರ ಅಜ್ಜಿ ಮೂವರೂ ಬಿಳಿಯರು. ನೆಲ ಬೇಕು, ಬಟ್ಟೆ ಬೇಕು, ಹಿನ್ನೆಲೆಗೆ ಜನ ಬೇಕು. ಮಾತು ಮಾತ್ರ ಬೇಡ. ಊರ ಜಾತ್ರೆಯಲ್ಲಿ ತಮಟೆ ನಮ್ಮದು, ದೇವರ ಹತ್ತಿರ ಮಾತ್ರ ನಾವು ಹೋಗೋ ಹಾಗಿಲ್ಲ ಅನ್ನೋದನ್ನ ಕಂಡವರಿಗೆ ಈ ಏರ್ಪಾಡು ಹೊಸದಲ್ಲ.

ನಟರ ಆಯ್ಕೆಗೆ ಕರೆ ಕೊಟ್ಟಾಗ ಅವರು ಹಾಕಿದ್ದ ಸಾಲು ಸುದ್ದಿಯಾಯ್ತು. ಬಿಳಿಯರು ಅಥವಾ ಬೇರೆ ಯಾವುದೇ ಜನಾಂಗದವರು ಅನ್ನೋ ಅರ್ಥದ ಸಾಲು. ಎಲ್ಲರಿಗೂ ಬಾಗಿಲು ತೆರೆದಿತ್ತಲ್ಲ ಅಂತ ಸಮರ್ಥನೆ ಮಾಡಿದೋರಿದ್ದಾರೆ. ನಾನು ಕಚೇರೀಲಿ ಗುಮಾಸ್ತೆ. ಇಪ್ಪತ್ತು ವರ್ಷದಿಂದ ಸುತ್ತೋಲೆ ಓದ್ತಾ ಇದೀನಿ. ಸುತ್ತೋಲೆಯಲ್ಲಿ ಮೊದಲು ಬರೋ ಪದ ಆದೇಶ. ಆಮೇಲೆ ಬರೋ 'ಇತರೆ' ಅನ್ನೋದು ಆಡಿಟ್‌ನವರಿಗೆ. ಕೊನೆಗೆ "ಸೂಕ್ತ ಅಭ್ಯರ್ಥಿ ದೊರೆತಿರುವುದಿಲ್ಲ" ಅಂತ ಒಂದು ಷರಾ ಬರೆದು ಕಡತ ಮುಚ್ಚಿದರೆ ಆಯ್ತು. ನಮ್ಮ ಎಷ್ಟು ಹುದ್ದೆಗಳು ಆ ಒಂದು ಷರಾದ ಕೆಳಗೆ ಹೂತುಹೋಗಿವೆ ಅಂತ ಇಲ್ಲಿ ಓದ್ತಿರೋರಿಗೆ ನಾನು ಹೇಳಬೇಕಾಗಿಲ್ಲ. ಚಿತ್ರರಂಗದ ಷರಾ ಸ್ವಲ್ಪ ನಯವಾಗಿರುತ್ತೆ, "ಪಾತ್ರಕ್ಕೆ ಒಪ್ಪೋ ಮುಖ ಸಿಗಲಿಲ್ಲ" ಅಂತ.

ಈ ಕಥೆಯಲ್ಲಿ ನಮ್ಮವರು ಗಮನಿಸಬೇಕಾದ ಭಾಗ ಇನ್ನೊಂದಿದೆ. ಈ ಸಿನಿಮಾದ ನಿರ್ದೇಶಕ ಬಿಳಿಯ ಅಲ್ಲ. ಎಂ. ನೈಟ್ ಶ್ಯಾಮಲನ್, 1970ರಲ್ಲಿ ಪುದುಚೇರಿಗೆ ಸೇರಿದ ಮಾಹೆಯಲ್ಲಿ ಹುಟ್ಟಿದವರು. ಅಮೆರಿಕದಲ್ಲಿ ಬೆಳೆದ ಭಾರತೀಯ ಮೂಲದ ಮನುಷ್ಯ. ಟೀಕೆ ಬಂದಾಗ ಅವರು, ಆ ಶೈಲಿಯ ಚಿತ್ರಗಳಲ್ಲಿ ಮುಖಗಳು ಇಂಥ ಜನಾಂಗದ್ದೇ ಅಂತ ಹೇಳೋಕಾಗಲ್ಲ, ನನ್ನ ಸಿನಿಮಾದಷ್ಟು ವೈವಿಧ್ಯ ಇನ್ನೆಲ್ಲಿದೆ ಅನ್ನೋ ಧಾಟಿಯಲ್ಲಿ ಉತ್ತರ ಕೊಟ್ಟರು. ತಲೆ ಎಣಿಸಿದರೆ ವೈವಿಧ್ಯ ಇತ್ತು, ಸುಳ್ಳಲ್ಲ. ಯಾರನ್ನ ಎಲ್ಲಿ ನಿಲ್ಲಿಸಿದಿರಿ ಅನ್ನೋದು ಪ್ರಶ್ನೆ. ನಮ್ಮ ಬಣ್ಣದವರೊಬ್ಬರು ಕುರ್ಚಿ ಮೇಲೆ ಕೂತ ತಕ್ಷಣ ನ್ಯಾಯ ಆಗಿಬಿಡುತ್ತೆ ಅಂತ ನಂಬೋರು ಈ ಸಿನಿಮಾ ನೋಡಬೇಕು. ನಮ್ಮ ಮತ ಬೇಡದೆ ಗೆದ್ದ ನಮ್ಮವರು ನಮ್ಮ ಪ್ರತಿನಿಧಿ ಹೇಗಾಗ್ತಾರೆ ಅಂತ ಬಾಬಾಸಾಹೇಬರು ಪೂನಾ ಒಪ್ಪಂದದ ನಂತರ ಕೇಳ್ತಾನೇ ಬಂದ್ರಲ್ಲ, ಆ ಪ್ರಶ್ನೆ ಹಾಲಿವುಡ್‌ಗೂ ಸಲ್ಲುತ್ತೆ.

ಒಂದು ಆಕ್ಷೇಪಣೆಗೆ ಉತ್ತರ ಕೊಡಲೇಬೇಕು. ಮೂಲ ಕಾರ್ಟೂನಿನಲ್ಲೂ ಆಂಗ್, ಕಟಾರ, ಸೊಕ್ಕನಿಗೆ ದನಿ ಕೊಟ್ಟವರು ಬಿಳಿಯ ಕಲಾವಿದರೇ, ಸರಣಿ ಹುಟ್ಟಿಸಿದ ಇಬ್ಬರೂ ಬಿಳಿಯರೇ, ಆಗ ಯಾಕೆ ಗಲಾಟೆ ಇರಲಿಲ್ಲ ಅಂತ ಕೆಲವರು ಕೇಳ್ತಾರೆ. ನಿಜ. ನಾನು ಹೇಳ್ತಿರೋದೂ ಅದನ್ನೇ. ಚಿತ್ರದಲ್ಲಿ ತಪ್ಪಿಸ್ಕೊಳ್ಳೋಕೆ ದಾರಿ ಇರುತ್ತೆ. ದನಿಗೆ ಬಣ್ಣ ಕಾಣಲ್ಲ, ಮಗು ತೆರೆ ಮೇಲೆ ಕಂದು ಹುಡುಗಿಯನ್ನೇ ನೋಡುತ್ತೆ, ಖುಷಿ ಪಡುತ್ತೆ. ಮೈ ಬೇಕಾದಾಗ ಮಾತ್ರ ಆ ದಾರಿ ಮುಚ್ಚಿಹೋಗುತ್ತೆ. ಗೆರೆಯಲ್ಲಿ ಕಂದು ಹುಡುಗಿಯನ್ನ ಮೆಚ್ಚೋದು ಸುಲಭ. ಕಂದು ಹುಡುಗಿಗೆ ಸಂಬಳ ಕೊಟ್ಟು, ಪೋಸ್ಟರ್ ಮಧ್ಯದಲ್ಲಿ ನಿಲ್ಲಿಸೋದು ಕಷ್ಟ.

2010ರ ಜುಲೈನಲ್ಲಿ ಸಿನಿಮಾ ಬಂತು. ವಿಮರ್ಶಕರು ಝಾಡಿಸಿದರು, ವರ್ಷದ ಅತಿ ಕೆಟ್ಟ ಸಿನಿಮಾಕ್ಕೆ ಕೊಡೋ ರಾಜ್ಜಿ ಪ್ರಶಸ್ತಿಗಳಲ್ಲಿ ಐದು ಅದಕ್ಕೇ ಹೋದವು. ಆದರೆ ನಾವು ಚಪ್ಪಾಳೆ ಹೊಡೆಯೋ ಹಾಗಿಲ್ಲ. 15 ಕೋಟಿ ಡಾಲರ್ ಹಾಕಿ ತೆಗೆದ ಸಿನಿಮಾ ಲೋಕದ ಥಿಯೇಟರುಗಳಲ್ಲಿ 30 ಕೋಟಿ ಡಾಲರಿಗೂ ಮೀರಿ ಗಳಿಸಿತು. ಅನ್ಯಾಯ ಮಾಡಿದ ಸಿನಿಮಾ ಮಣ್ಣು ಮುಕ್ಕುತ್ತೆ ಅನ್ನೋದು ಸಿನಿಮಾದ ಕಥೆ ಒಳಗೆ ಮಾತ್ರ. ಮೂರು ಭಾಗ ಮಾಡ್ತೀವಿ ಅಂತಿದ್ದೋರು ಎರಡನೇದು ಮಾಡಲಿಲ್ಲ, ಅಷ್ಟು ಸಮಾಧಾನ.

ಆ ಹುಡುಗರ ಚಳವಳಿ ಸೋತಿತಾ? 2024ರ ಫೆಬ್ರವರಿಯಲ್ಲಿ ನೆಟ್‌ಫ್ಲಿಕ್ಸ್ ಇದೇ ಕಥೆಯನ್ನ ಮತ್ತೆ ನಟರನ್ನ ಹಾಕಿ ಸರಣಿಯಾಗಿ ತಂದಿತು. ಆಂಗ್ ಆಗಿ ಫಿಲಿಪ್ಪೀನ್ಸ್ ಮೂಲದ ಹುಡುಗ, ಕಟಾರ ಆಗಿ ಉತ್ತರ ಅಮೆರಿಕದ ಮೂಲನಿವಾಸಿ ಮೊಹಾಕ್ ಸಮುದಾಯದ ಹುಡುಗಿ ಕಿಯಾವೆಂಟಿಯೋ, ಬೆಂಕಿ ರಾಷ್ಟ್ರದ ರಾಜನಾಗಿ ಕೊರಿಯಾ ಮೂಲದ ಡೇನಿಯಲ್ ಡೇ ಕಿಮ್. 2008ರಲ್ಲಿ ಆಗಲ್ಲ ಅಂದಿದ್ದು ಈಗ ಹೇಗಾಯ್ತು? ಯಾರೂ ಪುಕ್ಕಟೆ ಕೊಡಲಿಲ್ಲ. ಹದಿನೈದು ವರ್ಷ ಬೈಸ್ಕೊಂಡು, "ಬರೀ ಕಾರ್ಟೂನಿಗೆ ಇಷ್ಟು ಗಲಾಟೆನಾ" ಅಂತ ಅನ್ನಿಸ್ಕೊಂಡು ಹಟ ಹಿಡಿದವರಿಂದ ಆಯ್ತು. ಪ್ರತಿಭಟನೆ ಮಾಡಿದವರಿಗೆ ಸಿಗಲಿಲ್ಲ, ಅವರ ನಂತರ ಹುಟ್ಟಿದವರಿಗೆ ಸಿಕ್ತು. ನಮ್ಮ ಹಿರೀಕರ ಹೋರಾಟವೂ ಹೀಗೇ ಅಲ್ವಾ ನಮಗೆ ಬಂದಿದ್ದು?

ಆದರೆ ಈ ಹೊಸದರಲ್ಲೂ ಒಂದು ಎಡವಟ್ಟು. ಮೂಲದಲ್ಲಿ ಸೊಕ್ಕ ಶುರುವಿನಲ್ಲಿ ಹೆಣ್ಣುಮಕ್ಕಳನ್ನ ಹೀಯಾಳಿಸೋ ಹುಡುಗ. ಯುದ್ಧ ಗಂಡಸರ ಕೆಲಸ ಅಂತಾನೆ. ಕ್ಯೋಶಿ ದ್ವೀಪದ ಹೆಣ್ಣು ಯೋಧರು ಅವನನ್ನ ಕೆಡವಿ ಹಾಕ್ತಾರೆ. ಆಮೇಲೆ ಅವನು ತಲೆ ತಗ್ಗಿಸಿ, ಅವರದೇ ಉಡುಪು ಹಾಕ್ಕೊಂಡು ಅವರ ಹತ್ತಿರ ಕಲೀತಾನೆ. ಹೊಸ ಸರಣಿಯಲ್ಲಿ ಸೊಕ್ಕನ ಆ ಗುಣವನ್ನ ತಗ್ಗಿಸಿದ್ದೀವಿ ಅಂತ ತಂಡದವರೇ ಸಂದರ್ಶನದಲ್ಲಿ ಹೇಳಿದರು. ನೋಡಿದವರು ಸರಿಯಾಗೇ ಕೇಳಿದರು, ರೋಗವನ್ನ ಅಳಿಸಿಬಿಟ್ಟರೆ ಗುಣವಾಗಿದ್ದನ್ನ ಹೇಗೆ ತೋರಿಸ್ತೀರಿ ಅಂತ. ನಮಗೆ ಈ ಆಟ ಚೆನ್ನಾಗಿ ಗೊತ್ತು. "ನಮ್ಮ ಸಿನಿಮಾದಲ್ಲಿ ಜಾತಿ ಇಲ್ಲ" ಅಂತ ಹೆಮ್ಮೆಯಿಂದ ಹೇಳ್ತಾರಲ್ಲ, ಆ ಊರಿನಲ್ಲಿ ಕೇರಿಯೇ ಇರಲ್ಲ, ಎರಡು ಲೋಟ ಇರಲ್ಲ, ಎಲ್ಲರೂ ಒಂದೇ ಮನೆಯವರ ಥರ. ಜಾತಿಯನ್ನ ತೆರೆಯಿಂದ ಅಳಿಸೋದು ಬೇರೆ, ಊರಿಂದ ಅಳಿಸೋದು ಬೇರೆ. ತೆರೆಯಿಂದ ಮಾತ್ರ ಅಳಿಸಿದರೆ, ಮಾರನೇ ದಿನ ಶಾಲೆಗೆ ಹೋಗೋ ನಮ್ಮ ಮಗುವಿಗೆ ತನಗಾಗೋ ಅವಮಾನ ತನ್ನೊಬ್ಬಳದೇ ತಪ್ಪು ಅನ್ನಿಸುತ್ತೆ.

ಸರಿಯಾಗಿ ಮಾಡಿದ್ದೂ ಇದೆ. ಬೆನ್ನಿಗೆ ಚೀಲ, ಕೈಯಲ್ಲಿ ನಕ್ಷೆ ಹಿಡಿದು ಓಡಾಡೋ ಡೋರಾಳನ್ನ ನಮ್ಮ ಮಕ್ಕಳೂ ಬಲ್ಲರು. 2000ದಲ್ಲಿ ಶುರುವಾದ ಆ ಕಾರ್ಟೂನ್ ಸರಣಿ 2019ರಲ್ಲಿ 'ಡೋರಾ ಅಂಡ್ ದಿ ಲಾಸ್ಟ್ ಸಿಟಿ ಆಫ್ ಗೋಲ್ಡ್' ಅನ್ನೋ ಸಿನಿಮಾ ಆಯ್ತು. ಡೋರಾ ಪಾತ್ರಕ್ಕೆ ಆರಿಸಿದ್ದು ಪೆರು ದೇಶದ ತಾಯಿಯ ಮಗಳು ಇಸಬೆಲಾ ಮರ್ಸೆಡ್‌ಳನ್ನ. ಸಿನಿಮಾದಲ್ಲಿ ಡೋರಾ ಇಂಗ್ಲಿಷ್, ಸ್ಪ್ಯಾನಿಷ್ ಜೊತೆಗೆ ಕೆಚುವಾ ಭಾಷೆಯನ್ನೂ ಮಾತಾಡ್ತಾಳೆ. ಕೆಚುವಾ ಅಂದ್ರೆ ಆಂಡಿಸ್ ಬೆಟ್ಟದ ಮೂಲನಿವಾಸಿಗಳ ಮಾತು. ಸ್ಪೇನಿನವರು ಬಂದ ಮೇಲೆ ಶತಮಾನಗಳ ಕಾಲ ಹಳ್ಳಿ ಗಮಾರರ ಮಾತು ಅಂತ ಅನ್ನಿಸ್ಕೊಂಡ ಭಾಷೆ. ಅದು ಮಕ್ಕಳ ಸಿನಿಮಾದ ನಾಯಕಿಯ ಬಾಯಲ್ಲಿ ಬಂತು. ಬಿಳಿ ಮುಖ ಇಲ್ಲದಿದ್ದರೆ ದುಡ್ಡು ಬರಲ್ಲ ಅನ್ನೋರಿಗೆ, ಸುಮಾರು 5 ಕೋಟಿ ಡಾಲರ್ ಹಾಕಿದ ಈ ಸಿನಿಮಾ 11 ಕೋಟಿಗೂ ಮೀರಿ ಗಳಿಸಿತು ಅನ್ನೋದೂ ಗೊತ್ತಿರಲಿ.

ಪರದೆ ಮೇಲೆ ತನ್ನದು ಅನ್ನಿಸೋ ಮಗು ಬಂದರೆ ಏನಾಗುತ್ತೆ ಅಂತ ನಾವೂ ಕಂಡಿದ್ದೀವಿ. 2020ರಲ್ಲಿ 'ಮಹಾನಾಯಕ' ಧಾರಾವಾಹಿ ಕನ್ನಡಕ್ಕೆ ಡಬ್ ಆಗಿ ಬಂದಾಗ ಊರೂರಿನ ಕೇರಿಯಲ್ಲಿ ಫ್ಲೆಕ್ಸ್ ಕಟ್ಟಿದ್ವಿ. ಅದು ಕಾರ್ಟೂನ್ ಅಲ್ಲ, ಆದರೆ ನಮ್ಮ ಮಕ್ಕಳು ಪುಟ್ಟ ಭೀಮರಾವ್‌ನನ್ನ ನೋಡಿ ಬೆನ್ನು ನೆಟ್ಟಗೆ ಮಾಡ್ಕೊಂಡು ಕೂತಿದ್ದನ್ನ ನಾನು ಮರೆತಿಲ್ಲ.

ಈಗ ನಮ್ಮ ದೇಶದ ಕಾರ್ಟೂನಿಗೆ ಬರೋಣ. ಹೈದರಾಬಾದಿನ ಗ್ರೀನ್ ಗೋಲ್ಡ್ ಕಂಪನಿಯ 'ಛೋಟಾ ಭೀಮ್' 2008ರಲ್ಲಿ ಪೋಗೋದಲ್ಲಿ ಶುರುವಾಯ್ತು. 2024ರ ಮೇ 31ಕ್ಕೆ ಅದೂ ಮಕ್ಕಳನ್ನೇ ಹಾಕಿ, ಅನುಪಮ್ ಖೇರ್ ಥರದ ದೊಡ್ಡ ನಟರ ಜೊತೆ ಸಿನಿಮಾ ಆಗಿ ಬಂತು. ನಮ್ಮ ಕೇರಿಯ ಹುಡುಗರಿಗೆ ಭೀಮ ಅಂದ್ರೆ ಮೊದಲು ಗೋಡೆ ಮೇಲಿರೋ ಫೋಟೋದ ಭೀಮ, ಆಮೇಲೆ ಲಡ್ಡು ತಿನ್ನೋ ಭೀಮ. ಇಬ್ಬರ ಮೇಲೂ ಪ್ರೀತಿ. ನನ್ನ ತಕರಾರು ಭೀಮನ ಬಗ್ಗೆ ಅಲ್ಲ. ಅವನ ಎದುರಾಳಿಯ ಬಗ್ಗೆ. ದೊಡ್ಡ ಮೈ, ಸಣ್ಣ ಮನಸ್ಸು, ಹೊಟ್ಟೆಕಿಚ್ಚು, ಸಾಮಾನ್ಯವಾಗಿ ಸೋಲೋದೇ ಅವನ ಪಾಡು. ಅವನ ಹೆಸರು ಕಾಲಿಯಾ. ಹಿಂದಿಯಲ್ಲಿ ಹಾಗಂದ್ರೆ ಕರಿಯ. ಇಷ್ಟು ವರ್ಷ ಮಕ್ಕಳು ಆ ಹೆಸರು ಕೇಳಿ ನಕ್ಕ ಮೇಲೂ, ಸಿನಿಮಾ ಮಾಡುವಾಗ ಅದನ್ನ ಬದಲಾಯಿಸಬೇಕು ಅಂತ ಅನ್ನಿಸಲಿಲ್ಲ. ಜೀವ ಇರೋ ಒಂದು ಮಗುವನ್ನ ಆರಿಸಿ, ಆ ಹೆಸರನ್ನ ಅದಕ್ಕೆ ಕೊಟ್ಟರು.

ಇದರಿಂದ ಏನಾಗುತ್ತೆ ಅಂತ ನಮ್ಮ ಬೀದಿಯಲ್ಲಿ ನೋಡಿದೀನಿ. ಬೇಸಿಗೆ ರಜೆಯಲ್ಲಿ ಮಕ್ಕಳು ಛೋಟಾ ಭೀಮ್ ಆಟ ಆಡ್ತಾರೆ. ಯಾರು ಭೀಮ, ಯಾರು ಚುಟ್ಕಿ ಅಂತ ಜಗಳ ಆಗುತ್ತೆ. ಕಾಲಿಯಾ ಯಾರು ಅನ್ನೋದಕ್ಕೆ ಮಾತ್ರ ಜಗಳವೇ ಇಲ್ಲ. ಎಲ್ಲರ ಬೆರಳೂ ಒಬ್ಬನ ಕಡೆಗೇ ತಿರುಗುತ್ತೆ, ಗುಂಪಿನಲ್ಲಿ ಮೈ ಹೆಚ್ಚು ಕಪ್ಪಗಿರೋನ ಕಡೆಗೆ. ಹಿಂದಿ ಬಾರದ ಮಕ್ಕಳು ಹಿಂದಿಯಲ್ಲಿ ಮೊದಲು ಕಲಿತ ಬೈಗುಳ ಅದು. ಆ ಹುಡುಗನ ತಾಯಿ ನನ್ನ ಹತ್ತಿರ ಬಂದು, "ಅಕ್ಕ, ಬೆಳ್ಳಗಾಗೋ ಕ್ರೀಮ್ ತಂದ್ಕೊಡು ಅಂತ ಪ್ರಾಣ ತಿಂತಾನೆ" ಅಂದಳು. ಎಂಟು ವರ್ಷದ ಮಗು.

ನಮ್ಮಲ್ಲಿ ಕರಿಯಪ್ಪ, ಕರಿಯಮ್ಮ ಅನ್ನೋದು ದೇವರ ಹೆಸರು, ತಾತ ಮುತ್ತಾತಂದಿರ ಹೆಸರು. ಕರೀ ಮಣ್ಣು ಅಂದ್ರೆ ಒಳ್ಳೆ ಬೆಳೆ. ಆ ಪದಕ್ಕೆ ಅವಮಾನ ತುಂಬಿದೋರು ನಾವಲ್ಲ.

ಇಲ್ಲಿ ಒಂದು ಎಚ್ಚರಿಕೆ. ಜಾತಿ ಅಂದ್ರೆ ಬಣ್ಣ ಅಲ್ಲ. ಜಾತಿ ವ್ಯವಸ್ಥೆ ಜನಾಂಗದ ವಿಭಜನೆ ಅಲ್ಲ ಅಂತ ಬಾಬಾಸಾಹೇಬರು 'ಜಾತಿ ವಿನಾಶ'ದಲ್ಲೇ ಸ್ಪಷ್ಟ ಮಾಡಿದ್ದಾರೆ. ಕಪ್ಪಗಿರೋ ಮೇಲ್ಜಾತಿಯವರೂ ಇದ್ದಾರೆ, ಬೆಳ್ಳಗಿರೋ ನಮ್ಮವರೂ ಇದ್ದಾರೆ. ಹಾಗಾಗಿ ಅಮೆರಿಕದ ಲೆಕ್ಕವನ್ನ ಹಾಗೇ ಇಲ್ಲಿಗೆ ನಕಲು ಮಾಡೋಕಾಗಲ್ಲ. ನಮ್ಮಲ್ಲಿ ಆಯ್ಕೆ ಇನ್ನೂ ಮುಂಚೆಯೇ ನಡೆದುಹೋಗಿರುತ್ತೆ. ಆಡಿಷನ್ ಇದೆ ಅನ್ನೋ ಸುದ್ದಿ ಯಾವ ಮನೆಗೆ ತಲುಪುತ್ತೆ? ಫೋಟೋ ತೆಗೆಸಿ ಕಳಿಸೋಕೆ, ವಾರಗಟ್ಟಲೆ ಕೆಲಸ ಬಿಟ್ಟು ಮಗುವಿನ ಜೊತೆ ದೊಡ್ಡ ಊರಲ್ಲಿ ಕೂರೋಕೆ ಯಾವ ಅಪ್ಪ ಅಮ್ಮನಿಗೆ ಆಗುತ್ತೆ? ದಿನಗೂಲಿಯವರಿಗೆ ಆಗುತ್ತಾ? ನಮ್ಮ ಮಗುವನ್ನ ಅವರು ಬೇಡ ಅನ್ನೋ ಪ್ರಮೇಯವೇ ಬರಲ್ಲ, ಅದರ ಫೋಟೋನೇ ಆ ಮೇಜಿನ ಮೇಲೆ ಇರಲ್ಲ.

ಹಾಗಾದರೆ ಏನು ಮಾಡೋದು? ಮಕ್ಕಳ ಟಿವಿ ಆಫ್ ಮಾಡಿ ಅಂತ ನಾನು ಹೇಳಲ್ಲ. ಜೊತೆಗೆ ಕೂತು ನೋಡಿ. ಕೆಟ್ಟವನನ್ನ ಯಾಕೆ ಹೀಗೆ ತೋರಿಸಿದ್ದಾರೆ, ಅವನಿಗೆ ಯಾಕೆ ಈ ಹೆಸರು ಅಂತ ಕೇಳಿ. ಮಕ್ಕಳು ನಮಗಿಂತ ಚುರುಕು, ಅವರೇ ಉತ್ತರ ಹೇಳ್ತಾರೆ. ಕಾರ್ಟೂನ್ ಸಿನಿಮಾ ಆಗುತ್ತೆ ಅಂತ ಘೋಷಣೆ ಆದಾಗಲೇ ಬರೀರಿ, ಕೇಳಿ, ಸಹಿ ಹಾಕಿ. ಬಿಡುಗಡೆ ಆದ ಮೇಲೆ ಬೈದರೆ ಅದು ವಿಮರ್ಶೆ, ಆರಿಸೋ ಮುಂಚೆ ಕೇಳಿದರೆ ಅದು ಹಕ್ಕು. ಕಾರ್ಮಿಕರ ಕಾಲೋನಿಗೂ ಸರ್ಕಾರಿ ಹಾಸ್ಟೆಲಿಗೂ ಬಂದು ಆಡಿಷನ್ ಮಾಡಿ ಅಂತ ಕೇಳೋಕೆ ಸಂಕೋಚ ಯಾಕೆ?

ಇನ್ನೊಂದು ಮಾತು, ನಮ್ಮ ಸಂಘಟನೆಗಳಿಗೆ. ಏಪ್ರಿಲ್ 14ಕ್ಕೆ ಮಕ್ಕಳಿಗೆ ವೇಷ ಹಾಕಿಸ್ತೀವಲ್ಲ, ಪುಟ್ಟ ಭೀಮರಾವ್, ರಮಾಬಾಯಿ, ಸಾವಿತ್ರಿಬಾಯಿ ಅಂತ. ಅದೂ ಒಂದು ಆಯ್ಕೆಯೇ. ಕೆಲವು ಕಡೆ ವೇದಿಕೆ ಹಿಂದೆ ಮಕ್ಕಳ ಮುಖಕ್ಕೆ ಸುಣ್ಣ ಬಳಿದ ಹಾಗೆ ಪೌಡರ್ ಬಳಿಯೋದನ್ನ ನೋಡಿದೀನಿ. ದಯವಿಟ್ಟು ಆ ಪೌಡರ್ ಡಬ್ಬಿ ಮನೇಲೇ ಬಿಟ್ಟು ಬನ್ನಿ. ನಮ್ಮ ಬೀದಿಯ ಆ ಎಂಟು ವರ್ಷದವನಿಗೆ ಈ ಸಲ ಕೋಟು, ಟೈ, ಕನ್ನಡಕ ಹಾಕಿಸಿ, ಕೈಗೆ ಪುಸ್ತಕ ಕೊಟ್ಟು ಮೆರವಣಿಗೆಯ ಮುಂದೆ ನಿಲ್ಲಿಸ್ತೀವಿ ಅಂತ ಅವರಮ್ಮನಿಗೆ ಹೇಳಿಬಂದಿದ್ದೀನಿ. ಕ್ರೀಮ್ ದುಡ್ಡು ಕನ್ನಡಕಕ್ಕಾಯ್ತು.

ನಿಮ್ಮ ಊರಿನ ಮಕ್ಕಳು ಯಾವ ಕಾರ್ಟೂನ್ ನೋಡ್ತಾರೆ, ಆಟದಲ್ಲಿ ಯಾರಿಗೆ ಯಾವ ಪಾತ್ರ ಕೊಡ್ತಾರೆ ಅಂತ ಸ್ವಲ್ಪ ಗಮನಿಸಿ, ಕೆಳಗೆ ಬರೀರಿ. ಹಂಚ್ಕೊಳ್ಳೋರು ಹಂಚ್ಕೊಳ್ಳಿ.

ಜೈಭೀಮ್.